‘ಬ್ರೇಕ್ ಫೇಲ್’ ಎಂದು ಬರೆಯುವ ಮೊದಲು

ಜಿಲ್ಲಾ ಪುಟಕ್ಕೆ ಸುದ್ದಿ ಕಳಿಸುವ ನಮ್ಮಂಥವರ ಮೊಬೈಲಿನಲ್ಲಿ ಕೆಲವು ಮಾತುಗಳು ತಾವಾಗಿಯೇ ಟೈಪ್ ಆಗುತ್ತವೆ. ‘ಚಾಲಕನ ನಿಯಂತ್ರಣ ತಪ್ಪಿ’ ಅಂಥದ್ದೊಂದು. ‘ಬ್ರೇಕ್ ಫೇಲ್ ಆಗಿ’ ಇನ್ನೊಂದು. ಠಾಣೆಯಿಂದ ಫೋನಿನಲ್ಲಿ ಎರಡು ಮಾತು ಕೇಳುತ್ತೇವೆ, ಗಾಯಾಳುಗಳ ಹೆಸರು, ಊರು, ವಯಸ್ಸು ಬರೆದುಕೊಳ್ಳುತ್ತೇವೆ, ಕಾರಣದ ಜಾಗದಲ್ಲಿ ‘ಬ್ರೇಕ್ ಫೇಲ್’ ಎಂದು ಹಾಕಿ ಕಳಿಸಿಬಿಡುತ್ತೇವೆ. ಸಿಡಿಲು ಬಡಿದು ಎತ್ತು ಸತ್ತಿತು ಎಂದು ಬರೆದ ಹಾಗೆ. ಸಿಡಿಲಿಗೆ ಯಾರೂ ಹೊಣೆಯಲ್ಲ, ಬ್ರೇಕಿಗೂ ಯಾರೂ ಹೊಣೆಯಲ್ಲ. ಹತ್ತು ವರ್ಷ ಹೀಗೆಯೇ ಬರೆದೆವು. ಕಳೆದ ಮಳೆಗಾಲ ಮುಗಿದ ಮೇಲೆ ನಮ್ಮದೇ ಗಾಡಿಯ ಬ್ರೇಕ್ ಹೋಯಿತು. ಆಮೇಲೆ ಆ ಮಾತು ಬರೆಯಲು ಕೈ ಬರುತ್ತಿಲ್ಲ.

ಗಾಡಿ ನಮ್ಮ ಕಾಕಾನದು. ಅಂಬಾಸಿಡರ್ ಮಾರ್ಕ್ 4. ಕಾಕಾ ಇರುವಷ್ಟು ದಿನ ಅದು ಬಾಡಿಗೆಗೆ ಓಡಿತು. ಮದುವೆ, ಬಾಣಂತನ, ಯಲ್ಲಮ್ಮನ ಗುಡ್ಡ, ದವಾಖಾನೆ, ಎಲ್ಲಕ್ಕೂ ಅದೇ. ಈಗ ನಮ್ಮ ಅಂಗಳದಲ್ಲಿದೆ. ಬೆಳಗಾವಿಗೆ ಅವ್ವನ ಕಣ್ಣು ತೋರಿಸಲು ಹೋಗುವಂಥ ಕೆಲಸಕ್ಕೆ ಹೊರಗೆ ತೆಗೆಯುತ್ತೇವೆ. ಆ ದಿನ ಅಂಥದ್ದೇ ಕೆಲಸ ಮುಗಿಸಿ ಹುಕ್ಕೇರಿಗೆ ವಾಪಸ್ ಬರುತ್ತಿದ್ದೆವು. ವಂಟಮೂರಿ ಘಾಟಿನಲ್ಲಿ ಮುಂದೆ ಲಾರಿಗಳ ಸಾಲು. ಅವುಗಳ ಹಿಂದೆ ಬ್ರೇಕ್ ಒತ್ತುತ್ತ, ಬಿಡುತ್ತ ಇಳಿಯುತ್ತಿದ್ದಾಗ ಪೆಡಲ್ ಮೆತ್ತಗಾಯಿತು. ಇನ್ನೊಂದು ಸಲ ಒತ್ತಿದಾಗ ನೆಲ ಮುಟ್ಟಿತು.

ಹಿಂದಿನ ಸೀಟಿನಿಂದ ಅವ್ವ, “ಯಾಕಪಾ, ಜೋರ್ ಹೊಂಟೈತಲ್ಲ?” ಅಂದಳು. ಉತ್ತರ ಕೊಡುವಷ್ಟು ಪುರುಸೊತ್ತು ಇರಲಿಲ್ಲ. ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದು, ರಸ್ತೆಯ ಬದಿಯ ಮಣ್ಣಿಗೆ ಗಾಲಿ ಹಾಕಿ ನಿಲ್ಲಿಸಿದೆವು. ಹ್ಯಾಂಡ್ ಬ್ರೇಕಿಗೆ ಎಣ್ಣೆ ಬೇಕಿಲ್ಲ, ಅದು ತಂತಿಯಿಂದ ನಡೆಯುತ್ತದೆ. ಅಷ್ಟೇ ನಮ್ಮನ್ನು ಉಳಿಸಿತು. ಅರ್ಧ ಗಂಟೆ ನಿಂತೆವು. ಆಮೇಲೆ ಪೆಡಲ್ ಒತ್ತಿ ನೋಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಗಟ್ಟಿ. ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಊರು ಸೇರಿದೆವು.

ಮರುದಿನ ಒಂದು ಗ್ಯಾರೇಜಿಗೆ ಒಯ್ದೆವು. ಹುಡುಗ ಪೆಡಲ್ ಒತ್ತಿ ನೋಡಿ, “ಬ್ರೇಕ್ ಚಲೋ ಅದಾವಲ್ರಿ” ಅಂದ. ಆದರೂ ಹವಾ ತೆಗೆದುಕೊಡಿ ಎಂದರೆ, ಹಳೇ ಗಾಡಿಯ ಕೆಲಸಕ್ಕೆ ಇಬ್ಬರು ಬೇಕು, ಈಗ ಜನ ಇಲ್ಲ, ಎಂಟು ದಿನ ಬಿಟ್ಟು ಬರ್ರಿ ಅಂದರು. ಎಂಟು ದಿನ ಬಿಟ್ಟು ಹೋದರೂ ಅದೇ ಮಾತು. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅಂಗಳದಲ್ಲಿ ಸಾಲುಗಟ್ಟಿ ಹೊಸ ಗಾಡಿ ನಿಂತಿರುವಾಗ ನಮ್ಮ ಅಂಬಾಸಿಡರ್ ಯಾರಿಗೆ ಬೇಕು?

ಕೊನೆಗೆ ಹೋದದ್ದು ಗ್ಯಾರೇಜ್ ಮುಚ್ಚಿ ಮನೆಯಲ್ಲಿ ಕುಳಿತಿರುವ ಹಳೆಯ ಮಿಸ್ತ್ರಿಯೊಬ್ಬರ ಬಳಿ. ಕಾಕಾನ ಕಾಲದಿಂದ ಅವರನ್ನು ಚಾಚಾ ಎಂದೇ ಕರೆಯುವುದು. ಘಾಟಿನ ಕತೆ ಪೂರ್ತಿ ಕೇಳಿ ಅವರು ಹೇಳಿದ್ದು ಇಷ್ಟು: “ಪೆಡಲ್ ಹೊಳ್ಳಿ ಬಂತಂತ ಖುಷಿ ಪಡಬ್ಯಾಡ ತಮ್ಮಾ. ಬಿಸಿ ಆರಿದ ಮ್ಯಾಲ ಹೊಳ್ಳಿ ಬಂದೈತಿ ಅಂದ್ರ ಎಣ್ಣಿ ನೀರು ಕುಡದೈತಿ. ಆ ಎಣ್ಣಿ ಹಾಕಿ ಎಷ್ಟ ವರ್ಷ ಆತು?”

ಎಷ್ಟು ವರ್ಷ ಆಯಿತು ಎಂದು ನಮಗೆ ಗೊತ್ತಿರಲಿಲ್ಲ. ಇಂಜಿನ್ ಆಯಿಲ್ ಬದಲಿಸಿದ ತಾರೀಖು ಡೈರಿಯಲ್ಲಿತ್ತು. ಟೈರಿನ ಬಿಲ್ ಇತ್ತು. ವಿಮೆ ಕಾಗದ ಇತ್ತು. ಬ್ರೇಕ್ ಆಯಿಲ್ ಬದಲಿಸಬೇಕು ಎಂಬುದೇ ತಲೆಯಲ್ಲಿ ಇರಲಿಲ್ಲ. ಕಡಿಮೆಯಾದಾಗ ಮೇಲೆ ಸುರಿದಿದ್ದೇವೆ, ಅಷ್ಟೇ.

ಚಾಚಾ ಹೇಳಿದ್ದನ್ನು ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನೊಳಗಿನ ದ್ರವ ಪೈಪಿನ ಮೂಲಕ ನಾಲ್ಕೂ ಗಾಲಿಗೆ ಹೋಗಿ, ಅಲ್ಲಿನ ವ್ಹೀಲ್ ಸಿಲಿಂಡರಿನ ಪಿಸ್ಟನ್‌ಗಳನ್ನು ಹೊರಗೆ ತಳ್ಳುತ್ತದೆ. ಅವು ಲೈನರ್ ಇರುವ ಶೂಗಳನ್ನು ಡ್ರಮ್ಮಿಗೆ ಒತ್ತುತ್ತವೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆದ್ದರಿಂದ ಕಾಲಿನ ಬಲ ಹಾಗೆಯೇ ಗಾಲಿಗೆ ಮುಟ್ಟುತ್ತದೆ. ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗಾಳಿಯ ಗುಳ್ಳೆ ಸೇರಿದರೆ ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಹಿಚುಕುವುದರಲ್ಲೇ ಮುಗಿದುಹೋಗುತ್ತದೆ. ಆ ಗುಳ್ಳೆಗಳನ್ನು ಹೊರಹಾಕುವುದಕ್ಕೇ ನಮ್ಮ ಕಡೆ ‘ಹವಾ ತೆಗೆಯುವುದು’ ಎನ್ನುತ್ತಾರೆ. ಗ್ಯಾರೇಜಿನ ಇನ್ನೊಂದು ಮಾತು ‘ಬ್ಲೀಡಿಂಗ್’.

ಗಾಳಿ ಹೊರಗಿನಿಂದಲೇ ಬರಬೇಕೆಂದಿಲ್ಲ. ಡಾಟ್ 3, ಡಾಟ್ 4 ಎಂದು ಡಬ್ಬಿಯ ಮೇಲೆ ಬರೆದಿರುವ ಬ್ರೇಕ್ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಅದರ ಗುಣವೇ ಅದು. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಸುಮಾರು 3.7 ಶೇಕಡ ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಹೊಸದರಲ್ಲಿ 230, ನೀರು ಸೇರಿದ ಮೇಲೆ 155. ಘಾಟ್ ಇಳಿಯುವಾಗ ಸತತವಾಗಿ ಬ್ರೇಕ್ ಒತ್ತಿದರೆ ಡ್ರಮ್ ಕಾಯುತ್ತದೆ, ಆ ಕಾವು ಸಿಲಿಂಡರಿಗೆ ಇಳಿಯುತ್ತದೆ, ನೀರು ಕುಡಿದ ದ್ರವ ಕುದಿಯುತ್ತದೆ, ಆವಿಯ ಗುಳ್ಳೆ ಏಳುತ್ತದೆ. ಪೆಡಲ್ ನೆಲ ಮುಟ್ಟುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಗಟ್ಟಿಯಾಗುತ್ತದೆ. ಅಪಘಾತವಾದ ಗಾಡಿಯನ್ನು ಮರುದಿನ ನೋಡಿದವರಿಗೆ ಅದರ ಬ್ರೇಕ್ ಸರಿಯಾಗಿಯೇ ಕಾಣಬಹುದು. ಡ್ರೈವರ್ ಸುಳ್ಳು ಹೇಳುತ್ತಿದ್ದಾನೆ ಅಂತಲೂ ಅನ್ನಿಸಬಹುದು.

ಇಲ್ಲಿ ಹೆಸರಿನದೂ ಒಂದು ತಪ್ಪಿದೆ. ನಾವೆಲ್ಲ ಅದನ್ನು ‘ಬ್ರೇಕ್ ಆಯಿಲ್’ ಎನ್ನುತ್ತೇವೆ. ಆಯಿಲ್ ಎಂಬ ಮಾತು ಕೇಳಿ, ಕಡಿಮೆಯಾದಾಗ ಕೈಗೆ ಸಿಕ್ಕ ಇಂಜಿನ್ ಆಯಿಲ್ ಸುರಿಯುವವರು ಇದ್ದಾರೆ. ಹೈಡ್ರಾಲಿಕ್ ಬ್ರೇಕ್ ಬಂದ ಆರಂಭದ ಕಾಲದಲ್ಲಿ ಔಡಲೆಣ್ಣೆಗೆ ಆಲ್ಕೋಹಾಲ್ ಬೆರೆಸಿ ಬಳಸುತ್ತಿದ್ದದ್ದು ನಿಜ. ಈಗಿನ ಡಾಟ್ 3, ಡಾಟ್ 4 ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಅದಕ್ಕೆ ಹೊಂದುವ ರಬ್ಬರ್ ವಾಷರ್‌ಗಳು ಇಂಜಿನ್ ಆಯಿಲ್ ತಾಗಿದರೆ ಉಬ್ಬಿ ಹಾಳಾಗುತ್ತವೆ. ಒಂದು ಸಲ ಸುರಿದರೂ ಸಾಕು, ಎಲ್ಲ ಸಿಲಿಂಡರಿನ ವಾಷರ್ ಬದಲಿಸಿ ಪೈಪನ್ನೂ ತೊಳೆಯುವ ಕೆಲಸ ಬೀಳುತ್ತದೆ. ಡಬ್ಬಿಯ ಮೇಲಿನ ಇಂಗ್ಲಿಷ್ ಓದಲು ಬಾರದವರಿಗೆ ಇದನ್ನು ಕನ್ನಡದಲ್ಲಿ ಹೇಳುವವರು ಯಾರು?

ಇಬ್ಬರು ಬೇಕು ಎಂದು ಗ್ಯಾರೇಜಿನವರು ಹೇಳಿದ್ದು ಸುಳ್ಳಲ್ಲ. ಹವಾ ತೆಗೆಯುವುದು ಮೊದಲಿನಿಂದಲೂ ಇಬ್ಬರ ಕೆಲಸ. ಮಿಸ್ತ್ರಿ ಗಾಡಿಯ ಕೆಳಗೆ ಪಾನಾ ಹಿಡಿದು ಮಲಗುತ್ತಿದ್ದ. ಹುಡುಗ ಸೀಟಿನ ಮೇಲೆ. “ಪಂಪ್ ಹೊಡಿ.” “ಹೊಡದೀನ್ರಿ.” “ಒತ್ತಿ ಹಿಡಿ.” “ಹಿಡದೀನ್ರಿ.” ಆಗ ನಿಪ್ಪಲ್ ಬಿಚ್ಚಬೇಕು, ದ್ರವದ ಜೊತೆ ಗುಳ್ಳೆ ಬರಬೇಕು, ನಿಪ್ಪಲ್ ಬಿಗಿಯಬೇಕು, “ಬಿಡು” ಎನ್ನಬೇಕು. ಹುಡುಗ ಒಂದು ಕ್ಷಣ ಮೊದಲು ಕಾಲು ತೆಗೆದರೆ ಗಾಳಿ ಒಳಗೆ ಹೋಗಿ ಕೆಲಸವೆಲ್ಲ ಮೊದಲಿನಿಂದ. ಜೊತೆಗೆ ತಲೆಗೊಂದು ಏಟು.

ಆ ಹುಡುಗ ಈಗ ಇಲ್ಲ. ಇಲ್ಲದಿರುವುದೇ ಒಳ್ಳೆಯದು. ಹತ್ತು ವರ್ಷದ ಮಕ್ಕಳು ಶಾಲೆ ಬಿಟ್ಟು ಗ್ರೀಸ್ ಬಳಿದುಕೊಂಡು ಕಲಿಯುತ್ತಿದ್ದ ಕಾಲವನ್ನು ‘ಆಹಾ, ಆಗಿನ ಗುರುಕುಲ’ ಎಂದು ಹೊಗಳುವ ಬರಹಗಳು ನಮಗೆ ಹಿಡಿಸುವುದಿಲ್ಲ. 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದು 2016ರ ತಿದ್ದುಪಡಿಯ ನಂತರ, ಕೆಲವು ವಿನಾಯಿತಿ ಬಿಟ್ಟರೆ, ಎಲ್ಲ ಕೆಲಸದಲ್ಲೂ ನಿಷಿದ್ಧ. ದೊಡ್ಡ ಹುಡುಗರು ಕೊಲ್ಹಾಪುರದ ಕಡೆಯ ಫೌಂಡ್ರಿಗಳಿಗೋ ಬೆಂಗಳೂರಿಗೋ ಹೋಗಿದ್ದಾರೆ. ಆದರೆ ಹುಡುಗ ಹೋದ ಮೇಲೂ ಗಾಡಿಗಳು ಉಳಿದಿವೆ. ಹಳೆಯ ಕಾರು ಎಂದರೆ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ವಸ್ತುಸಂಗ್ರಹಾಲಯದಲ್ಲಿ ಮಿರಮಿರ ಮಿಂಚುತ್ತ ನಿಂತಿರುವಂಥದ್ದು ಎಂದು ನೀವು ಅಂದುಕೊಂಡಿರಬಹುದು. ನಮ್ಮ ತಾಲ್ಲೂಕಿನಲ್ಲಿ ಹಳೆಯ ಗಾಡಿ ಎಂದರೆ ಸಂತೆಗೆ ಹೋಗುವುದು, ಗದ್ದೆಗೆ ಗೊಬ್ಬರದ ಚೀಲ ಒಯ್ಯುವುದು, ರಾತ್ರಿ ಹೆರಿಗೆ ನೋವು ಬಂದರೆ ಸಂಕೇಶ್ವರಕ್ಕೋ ಘಟಪ್ರಭೆಗೋ ಓಡುವುದು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ನಿಂತಿತು. ಅವುಗಳ ಜೊತೆಗೆ ಹಳೆಯ ಜೀಪುಗಳು, ಟ್ರಾಕ್ಸ್‌ಗಳು ಇನ್ನೂ ರಸ್ತೆಯಲ್ಲಿವೆ. ಇವುಗಳ ಹವಾ ಯಾರು ತೆಗೆಯಬೇಕು?

“ಚಾಚಾ, ಹುಡುಗ ಇಲ್ಲದ ಒಬ್ಬರ ತಗಿಯಾಕ ಬರ್ತೈತೇನ್ರಿ?” ಎಂದು ಕೇಳಿದೆವು. “ಬರ್ತೈತಿ. ಆದ್ರ ಗಡಬಡ ಇರಬಾರ್ದು” ಅಂದರು. ಅವರಿಗೆ ಈಗ ಬಗ್ಗಲು ಆಗುವುದಿಲ್ಲ. ಕುರ್ಚಿ ಹಾಕಿಕೊಂಡು ಕೂತು ಹೇಳಿದರು, ನಾವು ಬರೆದುಕೊಂಡೆವು. ಅವರು ಹೇಳಿದ್ದನ್ನು, ನಾವು ಮಾಡಿದ್ದನ್ನು ಇಲ್ಲಿ ಇಡುತ್ತಿದ್ದೇವೆ. ಎಬಿಎಸ್ ಇರುವ ಹೊಸ ಗಾಡಿಗೆ ಇದು ಅನ್ವಯಿಸುವುದಿಲ್ಲ.

ಮೊದಲು ನೋಡಬೇಕಾದದ್ದು ಹವಾ ಅಲ್ಲ, ಸೋರಿಕೆ. ಪೈಪಿನ ಜೋಡಣೆ, ರಬ್ಬರ್ ಹೋಸ್, ಗಾಲಿಯ ಒಳಬದಿ ಒದ್ದೆಯಾಗಿದೆಯೇ ನೋಡಬೇಕು. ಡ್ರಮ್ ತೆಗೆದು ವ್ಹೀಲ್ ಸಿಲಿಂಡರಿನ ಧೂಳಿನ ರಬ್ಬರನ್ನು ಸ್ವಲ್ಪ ಎತ್ತಿ ನೋಡಿದರೆ, ಒಳಗೆ ದ್ರವ ನಿಂತಿದ್ದರೆ ವಾಷರ್ ಹೋಗಿದೆ ಎಂದರ್ಥ. ಸೋರುವ ಬ್ರೇಕಿನ ಹವಾ ಎಷ್ಟು ತೆಗೆದರೂ ಮತ್ತೆ ಬರುತ್ತದೆ. ಎರಡನೆಯದು, ಶೂ ಮತ್ತು ಡ್ರಮ್ ನಡುವಿನ ಸಂದು. ಲೈನರ್ ಸವೆದು ಸಂದು ಹೆಚ್ಚಾದರೂ ಪೆಡಲ್ ಕೆಳಗೆ ಹೋಗುತ್ತದೆ. ಅದನ್ನು ಹವಾ ಎಂದು ತಿಳಿದು ದಿನಗಟ್ಟಲೆ ಒದ್ದಾಡಿದವರಿದ್ದಾರೆ. ಮೊದಲು ಅಡ್ಜಸ್ಟ್ ಮಾಡಿಕೊಂಡೇ ಮುಂದಿನ ಕೆಲಸ.

ಗಾಡಿ ಸಮತಟ್ಟು ನೆಲದ ಮೇಲಿರಬೇಕು, ಗಾಲಿಗೆ ಅಡ್ಡಗಲ್ಲು ಕೊಡಬೇಕು. ಎತ್ತಬೇಕಾದರೆ ಜಾಕಿನ ಜೊತೆಗೆ ಕಬ್ಬಿಣದ ಸ್ಟ್ಯಾಂಡ್ ಇರಲೇಬೇಕು. ಬರೀ ಜಾಕ್ ನಂಬಿ, ಇಟ್ಟಿಗೆ ನಂಬಿ ಕೆಳಗೆ ಹೋಗಬಾರದು. ಒಬ್ಬರೇ ಇರುವಾಗ ಗಾಡಿ ಜಾರಿದರೆ ಕೂಗು ಕೇಳಲು ಯಾರೂ ಇರುವುದಿಲ್ಲ. ಹಳೆಯ ನಿಪ್ಪಲ್‌ಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಹಿಂದಿನ ದಿನವೇ ತಂತಿ ಬ್ರಷ್‌ನಿಂದ ಉಜ್ಜಿ ತುಕ್ಕು ಬಿಡಿಸುವ ಎಣ್ಣೆ ಹಾಕಿಡಬೇಕು, ಬಿಚ್ಚಲು ರಿಂಗ್ ಪಾನಾವನ್ನೇ ಬಳಸಬೇಕು. ಬಾಯಿ ತೆರೆದ ಪಾನಾ ಹಾಕಿ ತಿರುವಿದರೆ ಮೂಲೆ ಸವೆದು ನಿಪ್ಪಲ್ ಮುರಿಯುತ್ತದೆ, ಸಿಲಿಂಡರನ್ನೇ ಬದಲಿಸಬೇಕಾಗುತ್ತದೆ.

ಆಮೇಲೆ ಮೇಲಿನ ಡಬ್ಬಿ. ಮುಚ್ಚಳದ ಸುತ್ತಲಿನ ಧೂಳು ಒರೆಸಿ ತೆರೆದರೆ ನಮ್ಮದರಲ್ಲಿ ಚಹಾದ ಡಿಕಾಕ್ಷನ್ನಿನಂಥ ದ್ರವ ಇತ್ತು. ಹೊಸದು ತಿಳಿಯಾಗಿರುತ್ತದೆ. ದನಗಳಿಗೆ ಇಂಜೆಕ್ಷನ್ ಕೊಡುವ ದೊಡ್ಡ ಸಿರಿಂಜಿನಿಂದ ಹಳೆಯದನ್ನು ಎಳೆದು ತೆಗೆದೆವು. ಬಾಯಿಂದ ಪೈಪು ಹಚ್ಚಿ ಎಳೆಯುವ ಚಾಳಿ ನಮ್ಮಲ್ಲಿದೆ, ಇದು ವಿಷ, ಎಳೆಯಬೇಡಿ. ಬಣ್ಣದ ಮೇಲೆ ಬಿದ್ದರೆ ಬಣ್ಣವೇ ಕಿತ್ತು ಬರುತ್ತದೆ, ತಕ್ಷಣ ನೀರು ಹಾಕಿ ತೊಳೆಯಬೇಕು. ಹೊಸ ದ್ರವವನ್ನು ಸೀಲ್ ಇರುವ ಡಬ್ಬಿಯಿಂದಲೇ ತುಂಬಬೇಕು. ಅರ್ಧ ಬಳಸಿ ಕಪಾಟಿನಲ್ಲಿಟ್ಟ ಹೋದ ವರ್ಷದ ಡಬ್ಬಿ ಆಗಲೇ ನೀರು ಕುಡಿದಿರುತ್ತದೆ.

ಇನ್ನು ಹುಡುಗನ ಕೆಲಸಕ್ಕೆ ಬದಲಿ. ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪಿನ ಸಣ್ಣ ಅಳತೆಯದ್ದು ಎರಡು ಅಡಿ ಸಾಕು. ಅದರ ಒಂದು ತುದಿಯನ್ನು ನಿಪ್ಪಲ್ಲಿಗೆ ಬಿಗಿಯಾಗಿ ತೊಡಿಸಬೇಕು. ಇನ್ನೊಂದು ತುದಿ ಗಾಜಿನ ಬಾಟಲಿಯಲ್ಲಿರುವ ಹೊಸ ದ್ರವದಲ್ಲಿ ಮುಳುಗಿರಬೇಕು. ಬಾಟಲಿ ನಿಪ್ಪಲ್ಲಿಗಿಂತ ಎತ್ತರದಲ್ಲಿರಲಿ, ಗುಳ್ಳೆ ಮೇಲಕ್ಕೇ ಹೋಗುತ್ತದೆ. ಪೆಡಲ್ ಬಿಟ್ಟಾಗ ಒಳಗೆ ಎಳೆದರೂ ಪೈಪಿನಿಂದ ಬರುವುದು ದ್ರವ, ಗಾಳಿಯಲ್ಲ. ಹಿಂದಕ್ಕೆ ಹರಿಯದ ವಾಲ್ವ್ ಇರುವ ತಯಾರಾದ ಬಾಟಲಿಯೂ ಪೇಟೆಯಲ್ಲಿ ಸಿಗುತ್ತದೆ, ಅದಿದ್ದರೆ ಇನ್ನೂ ಚಲೋ.

ನಿಪ್ಪಲ್ಲನ್ನು ಅರ್ಧ ಸುತ್ತು ಬಿಚ್ಚಿ, ಹೋಗಿ ಸೀಟಿನಲ್ಲಿ ಕೂತು, ನಿಧಾನವಾಗಿ ಒತ್ತಬೇಕು, ನಿಧಾನವಾಗಿ ಬಿಡಬೇಕು. ಐದು ಸಲ. ಜೋರಾಗಿ ಪಂಪ್ ಹೊಡೆದರೆ ಗುಳ್ಳೆ ಒಡೆದು ನೊರೆಯಾಗುತ್ತದೆ. ಇಳಿದು ಬಂದು ಪೈಪಿನಲ್ಲಿ ಏನು ಬಂದಿದೆ ನೋಡಬೇಕು, ಮೇಲಿನ ಡಬ್ಬಿ ತುಂಬಬೇಕು, ಮತ್ತೆ ಐದು ಸಲ. ತಿಳಿ ದ್ರವ ಗುಳ್ಳೆಯಿಲ್ಲದೆ ಬರುವವರೆಗೆ ಇದೇ ಕೆಲಸ. ಪೆಡಲಿನ ಕೆಳಗೆ ಒಂದೂವರೆ ಇಂಚಿನ ಮರದ ತುಂಡು ಇಡಲು ಚಾಚಾ ಹೇಳಿದರು. ಹಳೆಯ ಮಾಸ್ಟರ್ ಸಿಲಿಂಡರಿನ ತಳಭಾಗದಲ್ಲಿ ದಿನನಿತ್ಯ ವಾಷರ್ ಹೋಗದ ಕಡೆ ತುಕ್ಕು ಕೂತಿರುತ್ತದೆ. ಪೆಡಲನ್ನು ನೆಲದವರೆಗೆ ಒತ್ತಿದರೆ ವಾಷರ್ ಆ ತುಕ್ಕಿನ ಮೇಲೆ ಉಜ್ಜಿ ಹರಿಯಬಹುದು. ರಿಪೇರಿ ಮಾಡಲು ಹೋಗಿ ಚಲೋ ಇದ್ದದ್ದನ್ನು ಕೆಡಿಸಿಕೊಳ್ಳುವುದೆಂದರೆ ಇದು.

ಕೊನೆಯ ಒತ್ತಿಗೆ ಪೆಡಲ್ ಕೆಳಗಿರುವಾಗಲೇ ನಿಪ್ಪಲ್ ಬಿಗಿಯಬೇಕು, ಇಲ್ಲದಿದ್ದರೆ ನಿಪ್ಪಲ್ಲಿನ ಎಳೆಗಳ ಸಂದಿಯಿಂದ ಗಾಳಿ ನುಸುಳುತ್ತದೆ. ಒಬ್ಬರೇ ಇದ್ದಾಗ ಕಾಲು ಸೀಟಿನಲ್ಲಿ, ಕೈ ಗಾಲಿಯಲ್ಲಿ ಹೇಗೆ? ಅಳತೆಗೆ ಕತ್ತರಿಸಿದ ಒಂದು ಕೋಲು. ಒಂದು ತುದಿ ಸೀಟಿಗೆ, ಇನ್ನೊಂದು ಪೆಡಲಿಗೆ. ಪೆಡಲನ್ನು ಕೋಲು ಹಿಡಿದುಕೊಂಡಿರುತ್ತದೆ, ನಾವು ಹೋಗಿ ಬಿಗಿದು ಬರುತ್ತೇವೆ. ಕಬ್ಬಿಣದ ಪೆಟ್ಟಿಗೆಯಲ್ಲಿ ಪಾನಾಗಳ ಜೊತೆ ಆ ಕೋಲೂ ಈಗ ಇದೆ.

ಸಾಲು ದೂರದ ಗಾಲಿಯಿಂದ. ಬಲಬದಿಯ ಸ್ಟೇರಿಂಗ್ ಇರುವ, ಮಾಸ್ಟರ್ ಸಿಲಿಂಡರ್ ಡ್ರೈವರ್ ಬದಿಯಲ್ಲಿರುವ ನಮ್ಮ ಗಾಡಿಯಲ್ಲಿ ಹಿಂದಿನ ಎಡಗಾಲಿ, ಹಿಂದಿನ ಬಲಗಾಲಿ, ಮುಂದಿನ ಎಡಗಾಲಿ, ಕೊನೆಗೆ ಮುಂದಿನ ಬಲಗಾಲಿ. ಗಾಡಿಯ ಕಂಪನಿ ಪುಸ್ತಕದಲ್ಲಿ ಬೇರೆ ಸಾಲು ಕೊಟ್ಟಿದ್ದರೆ ಅದನ್ನೇ ಅನುಸರಿಸಬೇಕು.

ನಾವು ಮೊದಲ ಸಲ ಸೋತೆವು. ಮೂರನೆಯ ಗಾಲಿಯ ಹೊತ್ತಿಗೆ ಡೆಸ್ಕಿನಿಂದ ಫೋನ್ ಬಂತು, ಹಿಡಕಲ್ ಡ್ಯಾಂ ನೀರಿನ ಮಟ್ಟ ಎಷ್ಟು ಅಂತ. ಮಾತಾಡುತ್ತಲೇ ಪೆಡಲ್ ಒತ್ತಿದೆವು, ಮೇಲಿನ ಡಬ್ಬಿ ನೋಡಲು ಮರೆತೆವು. ಡಬ್ಬಿ ಬತ್ತಿ ಮಾಸ್ಟರ್ ಸಿಲಿಂಡರ್ ಗಾಳಿ ಎಳೆದುಕೊಂಡಿತು. ಎರಡು ತಾಸಿನ ಕೆಲಸ ನೀರಿಗೆ ಬಿತ್ತು. ಚಾಚಾನಿಗೆ ಫೋನ್ ಮಾಡಿದರೆ ನಕ್ಕು, “ಹುಡುಗ ಇದ್ದಿದ್ರ ಅವಗ ಬಡೀತಿದ್ವಿ. ಈಗ ಯಾರಿಗೆ ಬಡೀತಿ?” ಅಂದರು. ಮರುದಿನ ಮೊಬೈಲ್ ಒಳಗಿಟ್ಟು ಮೊದಲಿನಿಂದ ಮಾಡಿದೆವು.

ಈಗ ನಮ್ಮ ಅಭಿಪ್ರಾಯಕ್ಕೆ ಬರುತ್ತೇವೆ. ಹಳೆಯ ಗಾಡಿ ಇಟ್ಟುಕೊಂಡವರು ಇದನ್ನು ಕಲಿಯಲೇಬೇಕು. ‘ಬ್ರೇಕ್ ಅಂದ್ರ ಜೀವದ ಮಾತು, ಮನೆಯಾಗ ಮಾಡೋದಲ್ಲ’ ಎಂದು ಗೆಳೆಯರು ಬೈದರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಪೈಪು ಒಡೆದಿದ್ದರೆ, ಮಾಸ್ಟರ್ ಸಿಲಿಂಡರ್ ಕೆಟ್ಟಿದ್ದರೆ, ಮಾಡಿದ ಮೇಲೂ ಪೆಡಲ್ ಮೆತ್ತಗಿದ್ದರೆ ತಿಳಿದವರ ಬಳಿ ಹೋಗಲೇಬೇಕು, ಗಾಡಿ ಓಡಿಸಿಕೊಂಡಲ್ಲ, ಎಳೆಸಿಕೊಂಡು. ಆದರೆ ನಮ್ಮ ಅನುಭವದಲ್ಲಿ ಗ್ಯಾರೇಜಿಗೂ ಮನೆಗೂ ನಡುವೆ ಯಾರೂ ಇರಲಿಲ್ಲ. ಗ್ಯಾರೇಜಿನವರು ಮಾಡುವುದಿಲ್ಲ, ಮನೆಯವರು ಮಾಡಬಾರದು, ಹಾಗಾದರೆ ಉಳಿಯುವುದು ಏನೂ ಮಾಡದೆ ಓಡಿಸುವುದು. ನಮ್ಮ ತಾಲ್ಲೂಕುಗಳಲ್ಲಿ ಹೆಚ್ಚಿನ ಹಳೆಯ ಗಾಡಿಗಳು ಓಡುತ್ತಿರುವುದು ಹಾಗೆಯೇ ಎಂದು ನಮ್ಮ ಗುಮಾನಿ. ಸ್ವತಃ ಮಾಡಿದವನಿಗೆ ಇನ್ನೊಂದು ಲಾಭವಿದೆ. ಗ್ಯಾರೇಜಿನಲ್ಲಿ ಯಾರಾದರೂ ‘ಚಲೋ ಐತ್ರಿ’ ಅಂದಾಗ, ಯಾವಾಗಿನ ಎಣ್ಣೆ, ಎಷ್ಟನೆಯ ಡಾಟ್, ಯಾವ ಗಾಲಿಯಿಂದ ಶುರು ಮಾಡಿದಿರಿ ಎಂದು ಕೇಳಲು ಬಾಯಿ ಬರುತ್ತದೆ.

ಸರ್ಕಾರದ ಲೆಕ್ಕ ಬೇರೆಯೇ ಇದೆ. 15 ವರ್ಷವಾದ ಸ್ವಂತ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. 50 ವರ್ಷ ದಾಟಿದ ಗಾಡಿಗಳಿಗೆ 2021ರಿಂದ ‘ವಿಂಟೇಜ್’ ಎಂಬ ಬೇರೆ ನೋಂದಣಿಯಿದೆ, ಮೊದಲ ಸಲಕ್ಕೆ 20,000 ರೂಪಾಯಿ. ಅವುಗಳನ್ನು ದಿನನಿತ್ಯ ಓಡಿಸುವಂತಿಲ್ಲ. ಹಳೆಯ ಗಾಡಿ ರಸ್ತೆಯಿಂದ ಹೋಗಲಿ ಎಂಬುದು ಈ ಏರಿಕೆಯ ಉದ್ದೇಶ. ಹೊಗೆಯ ಮಟ್ಟಿಗೆ ಅದು ಸರಿಯಿರಬಹುದು. ಆದರೆ ನವೀಕರಣದ ದಿನ ನೋಡಿದ ಬ್ರೇಕು ಐದು ವರ್ಷ ಹಾಗೇ ಇರುವುದಿಲ್ಲ. ಬ್ರೇಕ್ ದ್ರವವನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತಾರೆ. ಕಾಗದಕ್ಕೆ ಐದು ವರ್ಷ ಆಯುಷ್ಯ, ದ್ರವಕ್ಕೆ ಎರಡು. ನಡುವಿನ ಮೂರು ವರ್ಷ ಯಾರ ಹೊಣೆ?

ನಾವು ಕೇಳುವುದು ದೊಡ್ಡದೇನಲ್ಲ. ಕಬ್ಬಿನ ಸೀಸನ್ ಶುರುವಾಗುವ ಮೊದಲು, ಒಂದು ಟ್ರ್ಯಾಕ್ಟರಿಗೆ ಎರಡೆರಡು ಡಬ್ಬಿ ಕಟ್ಟಿಕೊಂಡು ರಸ್ತೆ ತುಂಬುವ ಮೊದಲು, ತಾಲ್ಲೂಕಿಗೊಂದು ದಿನ ಬ್ರೇಕ್ ತಪಾಸಣೆ ಇಡಬಹುದು. ದಂಡ ಹಾಕಲು ಅಲ್ಲ, ನೋಡಿ ಹೇಳಲು. ಐಟಿಐಗಳಲ್ಲಿ ಮೋಟಾರು ವಾಹನದ ಟ್ರೇಡ್ ಕಲಿಯುವ ಹುಡುಗರು, ಹುಡುಗಿಯರು ಇದ್ದಾರೆ. ಚಾಚಾನಂಥ ಹಳೆಯ ಮಿಸ್ತ್ರಿಗಳನ್ನು ಕುರ್ಚಿ ಹಾಕಿ ಕೂರಿಸಿದರೆ ಒಂದೇ ದಿನದಲ್ಲಿ ಇಬ್ಬರೂ ಕೂಡುತ್ತಾರೆ. ಈ ಸಲ ‘ಪೆಡಲ್ ಒತ್ತಿ ಹಿಡಿ’ ಎನ್ನಿಸಿಕೊಳ್ಳುವವರಿಗೆ ವಯಸ್ಸೂ ಇರುತ್ತದೆ, ಪುಸ್ತಕವೂ ಇರುತ್ತದೆ, ಏಟು ಇರುವುದಿಲ್ಲ.

ಉಳಿದದ್ದು ನಮ್ಮ ಕಸುಬಿನ ಮಾತು. ಅಪಘಾತದಲ್ಲಿ ಸಾವಾದರೆ ಕೇಸು ಬೀಳುವುದು ಚಾಲಕನ ಮೇಲೆ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106ನೇ ಕಲಂಗಳಡಿ. ಆದರೆ 1988ರ ಮೋಟಾರು ವಾಹನ ಕಾಯ್ದೆಯಲ್ಲಿ 190ನೇ ಕಲಂ ಒಂದಿದೆ. ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದೋಷವಿರುವ ಗಾಡಿಯನ್ನು ಓಡಿಸಿದವರಷ್ಟೇ ಅಲ್ಲ, ಓಡಿಸಲು ಬಿಟ್ಟವರೂ ತಪ್ಪಿತಸ್ಥರು ಎನ್ನುತ್ತದೆ ಅದು. ಮಾಲೀಕ ಎಂಬ ವ್ಯಕ್ತಿ ನಮ್ಮ ಸುದ್ದಿಯೊಳಗೆ ಬರಬೇಕಾದದ್ದು ಇಲ್ಲಿ. ದಿನಕ್ಕಿಷ್ಟು ಸಂಬಳಕ್ಕೆ ಬಂದ ಡ್ರೈವರ್ ಜೈಲಿಗೆ ಹೋಗುತ್ತಾನೆ. ಎಣ್ಣೆ ಬದಲಿಸದ ಮಾಲೀಕನ ಹೆಸರು ನಮ್ಮ ನಾಲ್ಕು ಸಾಲಿನಲ್ಲಿ ಇರುವುದೇ ಇಲ್ಲ. ಮೋಟಾರು ವಾಹನ ನಿರೀಕ್ಷಕರು ಗಾಡಿ ನೋಡಿ ವರದಿ ಕೊಡುತ್ತಾರೆ. ಆ ಹೊತ್ತಿಗೆ ನಾವು ಮುಂದಿನ ಸುದ್ದಿಗೆ ಹೋಗಿರುತ್ತೇವೆ.

ನಾವು ಇನ್ನು ಮೇಲೆ ‘ಬ್ರೇಕ್ ಫೇಲ್’ ಎಂದಷ್ಟೇ ಬರೆದು ಕಳಿಸುವುದಿಲ್ಲ. ಹಾಗೆ ಯಾರು ಹೇಳಿದರು ಎಂದು ಬರೆಯುತ್ತೇವೆ. ಗಾಡಿ ಎಷ್ಟು ಹಳೆಯದು, ಕೊನೆಯ ಸಲ ಬ್ರೇಕ್ ಕೆಲಸ ಯಾವಾಗ ಆಗಿತ್ತು, ಮಾಲೀಕ ಯಾರು ಎಂದು ಕೇಳುತ್ತೇವೆ. ಹದಿನೈದು ದಿನ ಬಿಟ್ಟು ನಿರೀಕ್ಷಕರ ವರದಿ ಏನಾಯಿತು ಎಂದು ಮತ್ತೊಂದು ಫೋನ್ ಮಾಡುತ್ತೇವೆ. ಡೆಸ್ಕಿನವರು ಎರಡು ಸಾಲು ಕತ್ತರಿಸಬಹುದು. ಕೇಳುವುದನ್ನಂತೂ ಕತ್ತರಿಸಲಾರರು. ಈ ಬ್ಲಾಗಿನಲ್ಲಿ ಬರೆಯುವ, ಬೇರೆ ತಾಲ್ಲೂಕುಗಳಲ್ಲಿ ನಮ್ಮದೇ ಕೆಲಸ ಮಾಡುವ ಗೆಳೆಯರೂ ಹೀಗೆ ಮಾಡಬೇಕೆಂದು ನಮ್ಮ ಕೋರಿಕೆ.

ನಮ್ಮ ಗಾಡಿಯದು ಒಂದು ಮಾತು ಉಳಿದಿದೆ. ಹವಾ ಒಬ್ಬರೇ ತೆಗೆಯಬಹುದು, ಪರೀಕ್ಷೆ ಒಬ್ಬರೇ ಮಾಡಬಾರದು ಎಂದು ಚಾಚಾ ಕಟ್ಟುನಿಟ್ಟಾಗಿ ಹೇಳಿದ್ದರು. ಮಾಡಿದವನಿಗೆ ತನ್ನ ಕೆಲಸ ಸರಿಯಾಗಿಯೇ ಕಾಣುತ್ತದೆ. ನಾಲ್ಕೂ ನಿಪ್ಪಲ್ ಬಿಗಿದು ಒರೆಸಿದ ಮೇಲೆ ಯಾರನ್ನು ಕರೆಯೋಣ ಎಂದು ನೋಡುತ್ತಿದ್ದಾಗ ಅವ್ವ, “ನಾ ಒತ್ತತೀನಿ, ನೀ ಕೆಳಗ ನೋಡು” ಎಂದು ತಾನೇ ಬಂದು ಡ್ರೈವರ್ ಸೀಟಿನಲ್ಲಿ ಕೂತಳು. ಎರಡೂ ಕಾಲು ಪೆಡಲಿನ ಮೇಲಿಟ್ಟು ಒತ್ತಿ ಹಿಡಿದು ನೂರು ಎಣಿಸಿದಳು. ಪೆಡಲ್ ಕೆಳಗೆ ಹೋಗಲಿಲ್ಲ. ನಾವು ನಾಲ್ಕೂ ಗಾಲಿಯ ಹಿಂದೆ ಬೆರಳಾಡಿಸಿ ನೋಡಿದೆವು, ಎಲ್ಲೂ ಒದ್ದೆ ಇರಲಿಲ್ಲ. ಅಂಗಳದಲ್ಲಿ ನಡಿಗೆಯ ವೇಗದಲ್ಲಿ ಎರಡು ಸಲ, ಖಾಲಿ ಮೈದಾನದಲ್ಲಿ ಹತ್ತು ಸಲ, ಕೈ ಹ್ಯಾಂಡ್ ಬ್ರೇಕಿನ ಮೇಲಿಟ್ಟುಕೊಂಡೇ ಓಡಿಸಿ ನಿಲ್ಲಿಸಿ ನೋಡಿದೆವು. ಆಮೇಲಷ್ಟೇ ರಸ್ತೆ.

ಮಾಸ್ಟರ್ ಸಿಲಿಂಡರಿನ ಮುಚ್ಚಳದ ಪಕ್ಕ ಒಂದು ಚೀಟಿ ಅಂಟಿಸಿದ್ದೇವೆ. ಅದರಲ್ಲಿ ದ್ರವ ಬದಲಿಸಿದ ತಾರೀಖು, ಡಾಟ್ 3 ಎಂಬುದು, ಮುಂದೆ ಬದಲಿಸಬೇಕಾದ ವರ್ಷ ಇವೆ. ಮುಂದೆ ಯಾರಾದರೂ ಕೇಳಿದರೆ ಹೇಳಲು ಉತ್ತರ ಇದೆ.